ಒದ್ದೆಯಾಗದ ಕೈ

ಎರಡನೆಯ ರಬ್ಬರ್ ಬ್ಯಾಂಡೂ ಕಿತ್ತುಹೋಯಿತು.

"ಹೋಗ್ಲಿ ಬಿಡ್ರಿ. ಟೇಪ್ ಸುತ್ರಿ," ಎಂದಳು ಮಂಗಳಾ. ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎಡಗೈ ಮೇಲೆತ್ತಿ, ಗಂಡನ ಮುಖ ನೋಡದೆ ನಲ್ಲಿಯನ್ನು ನೋಡುತ್ತಿದ್ದಳು.

ಕೊಟ್ಟೂರೇಶ್ ಟೇಪಿನ ತುದಿಯನ್ನು ಉಗುರಿನಿಂದ ಕೆರೆದು ಹುಡುಕಿದ. ಕೆಲವು ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಕೆಲಸ. ಅವಳ ತೋಳಿನೊಳಗೆ ಸಣ್ಣದೊಂದು ನಳಿಕೆ ಇಳಿಸಿದ್ದಾರೆ. ಕೀಮೋ ಔಷಧಿ ಅದರಲ್ಲೇ ಹರಿದು ಎದೆಯ ಹತ್ತಿರ ಸೇರಬೇಕು. ಅದು ತೋಳಿಗೆ ಹೊಕ್ಕ ಜಾಗಕ್ಕೆ ನೀರು ತಾಗಬಾರದು. ತಾಗಿದರೆ ಸೋಂಕು, ಸೋಂಕಾದರೆ ಜ್ವರ, ಜ್ವರ ಬಂದರೆ... ಅಲ್ಲಿಗೆ ಡಾಕ್ಟರು ಮಾತು ನಿಲ್ಲಿಸಿ ಕಂಪ್ಯೂಟರಿನ ಕಡೆ ತಿರುಗಿದ್ದರು.

ಕೈಗೆ ಹಾಕಲು ಕೊನೆಗೆ ಒಗ್ಗಿದ್ದು ಮಂಡಕ್ಕಿಯ ಕವರು. ಉದ್ದನೆಯದು, ಭುಜದವರೆಗೆ ಬರುತ್ತದೆ. ಎಷ್ಟು ಒದರಿದರೂ ಒಳಗೆ ಒಂದೆರಡು ಕಾಳು ಅಂಟಿಕೊಂಡೇ ಇರುತ್ತವೆ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಇಷ್ಟು ನಿಷ್ಠೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಹೆಂಡತಿಗೆ ನೀರು ತಾಗದಂತೆ ನೋಡಿಕೊಳ್ಳುವುದು.

"ಹೊಳೀಗೂ ಇಂಥದೇ ಒಂದು ಕವರ್ ತಗಳ್ರಿ," ಎಂದಳು ಅವಳು.

ಅವನು ಚೊಂಬು ತುಂಬಿಸಿ ಅವಳ ಬಲಗೈಗೆ ಕೊಟ್ಟು ಹೊರಗೆ ಬಂದ.

ಇವತ್ತು ಭಾನುವಾರ. ಹರಿಹರದ ಹೊಳೆಯಲ್ಲಿ ಅವಳ ಪ್ರಾರ್ಥನಾ ಸಭೆಯವರ ದೀಕ್ಷಾಸ್ನಾನ. ಅವಳೂ ಮುಳುಗಬೇಕಂತೆ. ತಲೆ, ಮೈ, ಕಾಲು, ಎಲ್ಲ.

ಕೊಟ್ಟೂರೇಶ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾನೆ. ಯಾವುದು ನೀರಿನಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆಯುತ್ತಲೇ ಅವನ ಕೂದಲು ಬೆಳ್ಳಗಾಗಿದೆ. ತಾನಂತೂ ಯಾವುದರಲ್ಲೂ ಕರಗಲಿಲ್ಲ ಎಂಬುದು ಅವನಿಗೆ ಗೊತ್ತು. ಅಣ್ಣನ ಮೆಕ್ಕೆಜೋಳದ ವ್ಯಾಪಾರದಲ್ಲಿ ಕರಗಲಿಲ್ಲ, ಸ್ಟಾಫ್ ರೂಮಿನ ಗುಂಪುಗಳಲ್ಲಿ ಕರಗಲಿಲ್ಲ, ದೇವರ ಕೋಣೆಯಲ್ಲಿ ಮೊದಲೇ ಇಲ್ಲ. ಕೊರಳಿನ ಲಿಂಗವನ್ನು ಓದುವ ಕಾಲದಲ್ಲೇ ತೆಗೆದಿಟ್ಟಿದ್ದ. ಅದನ್ನು ಬಹಳ ದಿನ ಧೈರ್ಯ ಅಂದುಕೊಂಡಿದ್ದ.

ಮಂಗಳಾ ತೆಗೆದದ್ದು ಬೇರೆ ರೀತಿ. ಸ್ಕ್ಯಾನ್‌ಗೆ ಹೋಗುವ ಮೊದಲು ನರ್ಸು ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಸಿ, ಬಳೆಗಳ ಜೊತೆಗೆ ಲಿಂಗದ ಬೆಳ್ಳಿಯ ಕರಡಿಗೆಯನ್ನೂ ಅವನ ಕೈಗೆ ಕೊಟ್ಟಿದ್ದಳು. ಅವನು ಅದನ್ನು ಕಾಲೇಜಿನ ಬ್ಯಾಗಿನಲ್ಲಿ ಹಾಕಿಕೊಂಡ. ಬಳೆಗಳನ್ನು ಅವಳು ಅವತ್ತೇ ಕೇಳಿ ಇಸಿದುಕೊಂಡಳು. ಕರಡಿಗೆಯನ್ನು ಕೇಳಲಿಲ್ಲ. ಅವನೂ ಕೊಡಲಿಲ್ಲ. ಅದು ಈಗಲೂ ಉತ್ತರಪತ್ರಿಕೆಗಳ ಕೆಳಗೆ ಇದೆ.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವನ ಹೆಂಡತಿ ಮೈಲಮ್ಮ. ಗಂಡ ತೀರಿಹೋದ ಮೇಲೂ ಅವಳು ಮಂಗಳಾಳನ್ನು ನೋಡಲು ಬರುತ್ತಿದ್ದಳು. ಅವಳೇ ಕೆ.ಬಿ. ಬಡಾವಣೆಯ ಟೈರ್ ಅಂಗಡಿಯ ಮೇಲಿನ ಪ್ರಾರ್ಥನಾ ಹಾಲಿಗೆ ಕರೆದುಕೊಂಡು ಹೋದದ್ದು. ಕೊಟ್ಟೂರೇಶ್ ಕೆಳಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದ. ಮೇಲಿನಿಂದ ಚಪ್ಪಾಳೆ ಕೇಳುತ್ತಿತ್ತು. ಒಮ್ಮೆ ಮಂಗಳಾ ನಕ್ಕದ್ದೂ ಕೇಳಿಸಿತು. ಮನೆಯಲ್ಲಿ ಅವಳು ನಕ್ಕು ಯಾವ ಕಾಲವಾಗಿತ್ತೋ.

ತಿಂಡಿಗೆ ಕೂತಾಗ ಅವನು ಶುರುಮಾಡಿದ.

"ನಂಬಿಕೆ ಇದ್ರೆ ಸಾಕಲ್ಲ? ನೀರಿನಾಗೆ ಏನೈತೆ?"

ಅವಳು ಉಪ್ಪಿಟ್ಟು ಕಲೆಸುತ್ತಿದ್ದಳು. ತಿನ್ನುವ ಲಕ್ಷಣವಿರಲಿಲ್ಲ.

"ನಿಮ್ಮ ಪುಸ್ತಕದಾಗೇ ಐತಲ್ಲ, ಏಸು ಪಕ್ಕ ಶಿಲುಬೆಗೆ ಹಾಕಿದ್ದ ಕಳ್ಳ. ಅವನು ಯಾವ ಹೊಳೆಗೆ ಇಳಿದಿದ್ದ? ಇವತ್ತೇ ನನ್ನ ಜೊತೆ ಸ್ವರ್ಗದಾಗೆ ಇರ್ತೀಯ ಅಂತ ಹೇಳಲಿಲ್ವಾ ಅವನಿಗೆ?"

ಈ ಕಳ್ಳನನ್ನು ಅವನು ಹುಡುಕಿ ಇಟ್ಟುಕೊಂಡಿದ್ದ. ಅವಳು ಮಲಗಿದ ಮೇಲೆ ಅವಳದೇ ಬೈಬಲ್ ತೆಗೆದು, ಪರೀಕ್ಷೆಗೆ ಓದುವಂತೆ ಓದಿ, ಈ ಒಂದು ಜಾಗ ಸಿಕ್ಕಾಗ ಗೆದ್ದೆ ಅಂದುಕೊಂಡಿದ್ದ.

"ಅವನಿಗೆ ಮೊಳೆ ಹೊಡೆದಿದ್ರು," ಎಂದಳು ಮಂಗಳಾ. "ಇಳಿಯಾಕೆ ಆಗ್ತಿರಲಿಲ್ಲ. ನನಗೆ ಯಾರು ಹೊಡೆದಾರೆ?"

ಅವನ ಕಣ್ಣು ತಾನಾಗಿ ಅವಳ ತೋಳಿನ ನಳಿಕೆಯ ಕಡೆ ಹೋಯಿತು. ಅವಳು ಸೆರಗು ಎಳೆದುಕೊಂಡು ಅದನ್ನು ಮುಚ್ಚಿದಳು.

ಅವಳು ಸೀರೆ, ಟವೆಲು ಜೋಡಿಸಿಟ್ಟ ಚೀಲದಿಂದ ಅವನು ಕವರನ್ನೂ ಟೇಪನ್ನೂ ಮೆಲ್ಲಗೆ ತೆಗೆದು ವಾಷಿಂಗ್ ಮೆಷಿನ್ನಿನ ಹಿಂದೆ ತಳ್ಳಿದ. ಕವರಿಲ್ಲದೆ ಅವಳನ್ನು ಯಾರೂ ನೀರಿಗೆ ಇಳಿಸುವುದಿಲ್ಲ. ಮರೆತೆ ಅಂದರಾಯಿತು.

ಎಂ.ಸಿ.ಸಿ. ಬಡಾವಣೆ ದಾಟಿ ಹರಿಹರದ ರಸ್ತೆಗೆ ಬಿದ್ದಾಗ ಬಿಸಿಲು ಏರಿತ್ತು. ಆಟೋ ಬ್ಯಾಡ, ಸ್ಕೂಟರ್ರೇ ಇರಲಿ, ಗಾಳಿ ಬೇಕು ಎಂದಿದ್ದಳು. ಬಲಗೈಯಿಂದ ಅವನ ಸೊಂಟ ಹಿಡಿದು ಕೂತಿದ್ದಳು. ಹಗುರಾಗಿದ್ದಾಳೆ. ಹಂಪ್ ಬಂದಾಗಷ್ಟೇ ಅವಳು ಇರುವುದು ಗೊತ್ತಾಗುತ್ತಿತ್ತು.

ಅವನ ಹತ್ತಿರ ಇನ್ನೂ ಒಂದು ಉಪಾಯವಿತ್ತು. ನಿನ್ನೆ ಕಾಲೇಜಿನಿಂದ ಪಾಸ್ಟರ್ ವಿಜಯಕುಮಾರನಿಗೆ ಫೋನ್ ಮಾಡಿದ್ದ. ನನ್ನ ಮಾತು ಕೇಳಲ್ಲ, ನೀವೇ ಬ್ಯಾಡ ಅನ್ಬೇಕು, ಇದು ಜೀವದ ಪ್ರಶ್ನೆ ಎಂದಿದ್ದ. ಆ ಕಡೆಯಿಂದ ಬಂದದ್ದು "ನೋಡಾನ ಸಾರ್, ಕರ್ತನು ನಡೆಸ್ತಾನೆ" ಎಂಬ ಮಾತು. ಅದು ಹೂಂ ಎಂದೋ ಊಹೂಂ ಎಂದೋ ಅವನಿಗೆ ರಾತ್ರಿಯಿಡೀ ಬಗೆಹರಿಯಲಿಲ್ಲ.

ದಾರಿಯಲ್ಲಿ ಅಣ್ಣ ತೋಟಪ್ಪನ ಫೋನು ಬಂತು. ಗಾಡಿ ನಿಲ್ಲಿಸಿ ಎತ್ತಿದ.

"ಲೇ ಕೊಟ್ರ, ಎಲ್ಲಿದೀಯ? ಮನೆ ಬೀಗ ಹಾಕೈತಂತೆ."

"ಡಾಕ್ಟ್ರ ಹತ್ರ ಹೊಂಟೀವಿ, ಅಣ್ಣ."

"ಭಾನುವಾರ ಯಾವ ಡಾಕ್ಟ್ರು?"

"ಹಂಗೇ... ಸುಮ್ನೆ ಒಂದು ಟೆಸ್ಟು."

"ಏನೇನೋ ಸುದ್ದಿ ಕೇಳಿ ಬರ್ತಾವೆ. ಹುಷಾರು. ನಮ್ಮ ಮನೆತನ ನೆನಪಿರಲಿ."

ಫೋನ್ ಇಟ್ಟಾಗ ಬೆನ್ನ ಹಿಂದಿನಿಂದ ಮಂಗಳಾ, "ನನ್ನ ಸಲುವಾಗಿ ಎಷ್ಟು ಸುಳ್ಳು ಹೇಳ್ತೀರಿ ಪಾಪ," ಎಂದಳು.

ನಿನ್ನ ಸಲುವಾಗಿ ಅಲ್ಲ ಎಂದು ಅವನಿಗೆ ಅನ್ನಿಸಿತು. ಸ್ಕೂಟರ್ ಸ್ಟಾರ್ಟ್ ಮಾಡಿದ.

ಸ್ನಾನದ ಘಟ್ಟದಿಂದ ದೂರದಲ್ಲಿ, ಬಟ್ಟೆ ಒಗೆಯುವ ಹೆಂಗಸರಿಗೂ ಆಚೆ, ಸಭೆಯವರು ಚಾಪೆ ಹಾಸಿಕೊಂಡು ಹಾಡುತ್ತಿದ್ದರು. ತುಂಗಭದ್ರೆ ಅವಸರವಿಲ್ಲದೆ ಹರಿಯುತ್ತಿತ್ತು. ಸೊಂಟದ ಮಟ್ಟದ ನೀರಿನಲ್ಲಿ ಪಾಸ್ಟರ್ ನಿಂತಿದ್ದ. ಸಾರಥಿ ಎಂಬ ಹಳ್ಳಿಯ ರೈತರ ಮನೆಯವನು, ಗಟ್ಟಿಮುಟ್ಟಾದ ಆಳು. ಬಿಳಿ ಶರ್ಟು ಮೈಗೆ ಅಂಟಿತ್ತು. ಒಬ್ಬೊಬ್ಬರನ್ನೇ ಹಿಂದಕ್ಕೆ ಬಾಗಿಸಿ ಮುಳುಗಿಸುತ್ತಿದ್ದ, ಎತ್ತುತ್ತಿದ್ದ. ದಂಡೆಯವರು ಸ್ತೋತ್ರ ಎನ್ನುತ್ತಿದ್ದರು.

ಎದ್ದು ಬಂದವರ ಮುಖಗಳನ್ನು ಕೊಟ್ಟೂರೇಶ್ ಪ್ರಯೋಗಶಾಲೆಯ ಕಣ್ಣಿನಿಂದ ನೋಡಿದ. ಏನೂ ಬದಲಾಗಿರಲಿಲ್ಲ. ಒದ್ದೆಯಾಗಿದ್ದರು, ನಡುಗುತ್ತಿದ್ದರು, ಅಷ್ಟೇ. ಆದರೂ ಅವನಿಗೆ ಹೊಟ್ಟೆಕಿಚ್ಚಾಯಿತು. ಅವರ ಮೇಲಲ್ಲ, ನೀರಿನ ಮೇಲೆ. ಅವಳು ಅದರೊಳಗೆ ಹೋಗಿ ಎಲ್ಲಿಗೋ ಸೇರಿಬಿಡುತ್ತಾಳೆ. ಅವನು ನಂಬದ ಜಾಗಕ್ಕೆ. ನಂಬದ ಜಾಗಕ್ಕೆ ಹೋದವಳನ್ನು ಹುಡುಕಿಕೊಂಡು ಹೋಗುವುದು ಹೇಗೆ?

"ಕವರ್ ತರೋದು ಮರ್ತೆ," ಎಂದ.

ಮಂಗಳಾ ತನ್ನ ಹೆಗಲ ಬ್ಯಾಗು ತೆರೆದು ಇನ್ನೊಂದು ಮಂಡಕ್ಕಿ ಕವರನ್ನೂ ಟೇಪನ್ನೂ ಹೊರತೆಗೆದಳು. "ನೀವು ಮರೀತೀರಿ ಅಂತ ಗೊತ್ತಿತ್ತು," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಅವನು ಕವರು ಹಾಕಿ ಟೇಪು ಸುತ್ತುತ್ತಿರುವಾಗ ಪಾಸ್ಟರ್ ನೀರಿನಿಂದ ಎದ್ದು ಬಂದ. ಮೈಲಮ್ಮ ಕೊಟ್ಟ ಟವೆಲಿನಿಂದ ಮುಖ ಒರೆಸಿಕೊಂಡ.

"ಅಕ್ಕಾರೆ, ರಕ್ಷಣೆ ಆಗೋದು ನಂಬಿಕೆಯಿಂದ. ನೀರು ಬರೀ ಗುರುತು. ಟ್ರೀಟ್‌ಮೆಂಟ್ ಮುಗೀಲಿ, ಆಮ್ಯಾಲೆ..."

"ಬರೀ ಗುರುತಾದ್ರೆ ಇವ್ರನ್ನೆಲ್ಲ ಯಾಕ ಮುಳುಗಿಸಿದ್ರಿ?"

"ಆಜ್ಞೆ ಐತಲ್ಲ, ಅಕ್ಕಾರೆ."

"ನನಗಿಲ್ಲೇನು ಆಜ್ಞೆ?"

ಪಾಸ್ಟರ್ ದಂಡೆಯ ಮೇಲಕ್ಕೆ ನೋಡಿದ. ಯಾರೋ ಇಬ್ಬರು ಬೈಕ್ ನಿಲ್ಲಿಸಿ ಫೋನ್ ಎತ್ತಿ ಹಿಡಿದಿದ್ದರು. "ಬೇರೆ ಸಭೆಯವರು ತಲೆ ಮ್ಯಾಲೆ ನೀರು ಹಾಕ್ತಾರೆ," ಎಂದ ದನಿ ತಗ್ಗಿಸಿ. "ನಿಮಗೆ ಬೇಕಾದ್ರೆ ಹಂಗೇ..."

"ಮುಳುಗೋದು ಅಂದ್ರೆ ಸಾಯೋದು, ಎದ್ದು ಬರೋದು ಅಂದ್ರೆ ಹೊಸದಾಗಿ ಹುಟ್ಟೋದು ಅಂತ ನೀವೇ ಹೇಳೀರಿ. ತಲೆ ಮ್ಯಾಲೆ ಒಂದು ಚೊಂಬು ಹಾಕಿದ್ರೆ ಯಾರು ಸಾಯ್ತಾರ್ರಿ?"

ಪಾಸ್ಟರನ ನೋಟ ಒಂದು ಕ್ಷಣ ಕೊಟ್ಟೂರೇಶನ ಕಡೆ ಬಂದು ಹೋಯಿತು. ಅಷ್ಟೇ ಸಾಕಾಯಿತು.

"ಇವರಿಗೆ ಫೋನ್ ಮಾಡಿದ್ರೇನು?" ಮಂಗಳಾ ಗಂಡನನ್ನು ಕೇಳಿದಳು.

"ಡಾಕ್ಟ್ರು ಹೇಳಿದ್ದು ತಿಳಿಸಿದೆ. ಅಷ್ಟೇ."

"ನೀವು ನನ್ನ ಜೀವ ಉಳಿಸಾಕೆ ನೋಡ್ತಿದೀರಿ," ಎಂದಳು. "ನಾನೂ ಅದನ್ನೇ ನೋಡ್ತಿದೀನಿ."

ಹಾಡು ನಿಂತಿತ್ತು. ಕೊನೆಗೆ ಮೈಲಮ್ಮ, "ಕೈ ಒಂದು ಮ್ಯಾಲೆ ಹಿಡಿದ್ರೆ ಆತಲ್ರಿ ಪಾಸ್ಟರೇ. ಮಿಕ್ಕಿದ್ದೆಲ್ಲಾ ಒಳಗೆ ಹೋಗ್ಲಿ," ಎಂದಳು.

ಪಾಸ್ಟರ್ ಯೋಚಿಸಿದ. ಬೈಕಿನವರು ಇನ್ನೂ ಅಲ್ಲೇ ಇದ್ದರು. "ಆಗ್ಲಿ. ಕರ್ತನು ಅರ್ಥ ಮಾಡ್ಕಂತಾನೆ," ಎಂದ. ದನಿಯಲ್ಲಿ ಅಂಥ ಖಾತ್ರಿಯೇನೂ ಇರಲಿಲ್ಲ.

"ಹಂಗಾರೆ ಕೈಗೆ ರಕ್ಷಣೆ ಇಲ್ಲೇನು?" ಎಂದಳು ಮಂಗಳಾ. ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ.

"ಕೈ ಯಾರು ಹಿಡೀತಾರೆ?" ಎಂದು ಪಾಸ್ಟರ್ ಕೇಳಿದ.

"ನಮ್ಮನೆಯವರೇ. ದಿನಾ ಅವರೇ ನೋಡ್ಕಳ್ಳೋದು."

"ಇವರು ವಿಶ್ವಾಸಿ ಅಲ್ಲಲ್ರಿ," ಎಂದಳು ಮೈಲಮ್ಮ.

"ಕೈ ಹಿಡಿಯಾಕೆ ವಿಶ್ವಾಸ ಬ್ಯಾಡ. ಗಟ್ಟಿ ಹಿಡಿದ್ರೆ ಸಾಕು," ಎಂದ ಪಾಸ್ಟರ್. "ಬರ್ರಿ ಸಾರ್, ಬೇಗ ಆಗ್ಲಿ."

ಕೊಟ್ಟೂರೇಶ್ ಬೂಟು ಬಿಚ್ಚಿ, ಫೋನನ್ನು ಅದರೊಳಗಿಟ್ಟು, ಪ್ಯಾಂಟು ಮಡಚಿದ. ನಾಲ್ಕು ಹೆಜ್ಜೆಗೆ ಮಡಿಕೆ ನೀರಿನಲ್ಲಿತ್ತು. ತಣ್ಣನೆಯ ನೀರು ತೊಡೆಗೆ, ಸೊಂಟಕ್ಕೆ ಏರಿತು. ಬೈಕಿನವರ ವೀಡಿಯೋದಲ್ಲಿ ತಾನೂ ಇರುತ್ತೇನೆ, ನೋಡುವವರಿಗೆ ಮುಳುಗಲು ಬಂದವರು ಇಬ್ಬರು ಎಂದೇ ಕಾಣುತ್ತದೆ ಎಂದು ಹೊಳೆಯಿತು. ಅಣ್ಣನ ಮುಖ ನೆನಪಾಗಿ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯಾಯಿತು.

ಅವಳ ಎಡಗೈಯನ್ನು ಎರಡೂ ಕೈಗಳಿಂದ ಮೇಲೆತ್ತಿ ಹಿಡಿದ. ಅವಳ ಕೈ ಮುಟ್ಟಿದಂತಾಗಲಿಲ್ಲ. ಕೈಗೆ ಸಿಕ್ಕಿದ್ದು ಜಾರುವ ಪ್ಲಾಸ್ಟಿಕ್ಕು. ಒಳಗೆ ಅವಳ ಅಂಗೈಗೆ ಒಂದು ಮಂಡಕ್ಕಿ ಕಾಳು ಅಂಟಿತ್ತು.

ಪಾಸ್ಟರ್ ಅವಳ ಕತ್ತಿನ ಹಿಂದೆ ಒಂದು ಕೈ ಇಟ್ಟು, ಇನ್ನೊಂದರಿಂದ ಅವಳ ಬಲಗೈಯನ್ನು ಎದೆಗೆ ಒತ್ತಿ ಹಿಡಿದ. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ..."

ಮಂಗಳಾ ಗಂಡನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನೀರು ಮುಖದ ಮೇಲೆ ಕೂಡಿಕೊಂಡಿತು.

ಆಗ ಕೈ ಕೆಳಗೆ ಎಳೆಯಿತು.

ಮೊದಲು ಹೊಳೆಯ ಸೆಳೆತ ಅಂದುಕೊಂಡ. ಅಲ್ಲ. ಕವರಿನೊಳಗೆ ಬೆರಳುಗಳು ಅವನ ಬೆರಳುಗಳನ್ನು ಹಿಡಿದು ಎಳೆಯುತ್ತಿದ್ದವು. ಉಸಿರು ಕಟ್ಟಿ, ಎತ್ತಿಕೋ ಎನ್ನುತ್ತಿದ್ದಾಳೋ? ಬಿಡು, ಇದೂ ಒಳಗೆ ಬರಲಿ ಎನ್ನುತ್ತಿದ್ದಾಳೋ? ಎರಡಕ್ಕೂ ಎಳೆತ ಒಂದೇ ಎಂಬುದು ಅವನಿಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ. ಕೆಳಗೆ ಅವಳ ಮುಖ ಕಾಣುತ್ತಿತ್ತು. ಕಣ್ಣು ತೆರೆದಿತ್ತು. ಹರಿಯುವ ನೀರಿನಲ್ಲಿ ಆ ಮುಖ ನಗುತ್ತಿದೆಯೋ ಹೆದರಿದೆಯೋ ಗೊತ್ತಾಗುವಷ್ಟು ಹೊತ್ತು ನಿಲ್ಲುತ್ತಲೇ ಇರಲಿಲ್ಲ.

ಅವನು ಇನ್ನೂ ಗಟ್ಟಿಯಾಗಿ ಹಿಡಿದ. ಟೇಪಿನ ಒಂದು ತುದಿ ಬಿಚ್ಚಿಕೊಂಡು ಗಾಳಿಗೆ ಪಟಪಟ ಎನ್ನತೊಡಗಿತು. ದಂಡೆಯಲ್ಲಿ ಸ್ತೋತ್ರ ಎನ್ನಲು ಜನ ಬಾಯಿ ತೆರೆದು ಕಾಯುತ್ತಿದ್ದರು. ನೀರಿನ ಮೇಲೆ ಅವಳದೆಂದು ಉಳಿದದ್ದು ಮಂಡಕ್ಕಿ ಕವರಿನೊಳಗಿನ ಆ ಒಣ ಕೈ ಒಂದೇ. ಅದನ್ನು ಎರಡೂ ಕೈಗಳಲ್ಲಿ ಹಿಡಿದು ಅವನು ಹೊಳೆಯಲ್ಲಿ ನಿಂತಿದ್ದ.

ಕೈ ಮತ್ತೊಮ್ಮೆ ಎಳೆಯಿತು.