ಸೊಲಾಂಜಳ ಏಕವಚನ

ರೋಸಲಿಂಡ್ ಉಳಿಯ ತಲೆಗೆ ಇನ್ನೊಂದು ಪೆಟ್ಟು ಹಾಕಿದಳು. ಕಲ್ಲು ಅಲುಗಿ, ಗೋಡೆಯ ಆಚೆ ಬದಿಗೆ ಧೊಪ್ಪನೆ ಬಿತ್ತು. ಅದು ಬಿಟ್ಟುಹೋದ ತೂತಿನಿಂದ ಅಡುಗೆಮನೆಯೊಳಕ್ಕೆ ಬೆಳಕು ಬಂತು. ಬೆಳಕಿನ ಬೆನ್ನಿಗೇ ಕೂಗೂ ಬಂತು.

"ಯಾರದು? ಇನ್ನೊಂದು ಗೇಣು ಈಚೆ ಬಿದ್ದಿದ್ರೆ ನನ್ನ ಕೋಳಿ ಸತ್ತೇ ಹೋಗ್ತಿತ್ತಲ್ಲ! ನಿಲ್ಸಿ, ನಿಲ್ಸಿ!"

ಪಕ್ಕದ ಮನೆಯ ಸೊಲಾಂಜ್ ಪ್ರಾದಲ್. ಎಪ್ಪತ್ತು ದಾಟಿದ ವಿಧವೆ, ಒಂಟಿ ಹೆಂಗಸು. ಆಕೆ ಬಾಯಿ ತೆರೆದರೆ ಚೌಕದವರೆಗೂ ಕೇಳಬೇಕು. ರೋಸಲಿಂಡ್ ಸುತ್ತಿಗೆ ಕೆಳಗಿಡಲಿಲ್ಲ. ಯಾಕೆ ಇಡಬೇಕು? ಒಪ್ಪಿಗೆ ಸಿಕ್ಕಿದೆ.

ಇಂಗ್ಲೆಂಡಿನ ಮನೆ ಮಾರಿ, ಅವಳೂ ಗಂಡ ಕ್ಲೈವನೂ ಈ ಫ್ರೆಂಚ್ ಹಳ್ಳಿಯ ಹಳೇ ಕಲ್ಲುಮನೆಗೆ ಬಂದು ಆರು ವರ್ಷವಾಗಿತ್ತು. ಮಾಡು, ಮೆಟ್ಟಿಲು, ನೆಲ ಒಂದೊಂದಾಗಿ ದುರಸ್ತಿಯಾಗಿ ಅಡುಗೆಮನೆಯೊಂದು ಉಳಿದಿತ್ತು. ಅಲ್ಲಿ ನಡು ಮಧ್ಯಾಹ್ನವೂ ದೀಪ ಹಾಕದೆ ಈರುಳ್ಳಿ ಹೆಚ್ಚುವಂತಿಲ್ಲ. ಸೊಲಾಂಜಳ ಅಂಗಳದ ಕಡೆಯ ಗೋಡೆಯಲ್ಲಿ ಯಾವ ಕಾಲದಲ್ಲೋ ಕಲ್ಲಿಟ್ಟು ಮುಚ್ಚಿದ ಕಿಟಕಿಯ ಗುರುತಿತ್ತು. ತೆರೆಯಬೇಕಾದರೆ ಅಂಗಳದವಳು ಹೂಂ ಅನ್ನಬೇಕು, ಕಾನೂನೇ ಹಾಗೆ. ಹೂಂ ಅನ್ನಿಸಿಕೊಂಡು ಬರಲು ಹೋದವನು ಕ್ಲೈವ್.

ಅವನೇ ಹೋದನಲ್ಲ ಅನ್ನುವುದೂ ರೋಸಲಿಂಡಳ ಹೊಟ್ಟೆಯೊಳಗಿನ ಉರಿಯೇ. ಅವಳು ಇಂಗ್ಲೆಂಡಿನಲ್ಲಿದ್ದಾಗ ಶಾಲೆಯಲ್ಲಿ ಮಕ್ಕಳಿಗೆ ಫ್ರೆಂಚ್ ಕಲಿಸುತ್ತಿದ್ದವಳು. ಯಾರಿಗೆ ನೀನು, ಯಾರಿಗೆ ನೀವು ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಕೈ ಸವೆಸಿದ್ದಳು. ಹಿರಿಯರು ತಾವಾಗಿ 'ನೀನು ಅಂತಲೇ ಕರಿ' ಎಂದು ಹೇಳುವ ತನಕ ಬಹುವಚನ ಬಿಡಕೂಡದು. ಸರಿ, ಅವಳು ಬಿಡಲಿಲ್ಲ. ಸೊಲಾಂಜ್ ಹೇಳಲೂ ಇಲ್ಲ. ಕ್ಲೈವನಿಗೆ ಈ ರಗಳೆಯೇ ಇಲ್ಲ. ಇಂಗ್ಲಿಷಿನಲ್ಲಿ ರಾಣಿಗೂ ನಾಯಿಗೂ ಒಂದೇ ಮಾತು ನಡೆಯುತ್ತದೆ ತಾನೆ? ಬಂದ ಮಾರನೆಯ ದಿನವೇ ಬೇಲಿಯ ಮೇಲಿಂದ, "ಸೊಲಾಂಜ್, ನೀನು ಚೆನ್ನಾಗಿ ಇದೀಯ?" ಎಂದಿದ್ದ. ರೋಸಲಿಂಡಳಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ಸೊಲಾಂಜ್ ಹೊಟ್ಟೆ ಹಿಡಿದುಕೊಂಡು ನಕ್ಕು, "ಇದೀನಿ ಕಣೋ, ನೀನು?" ಎಂದಿದ್ದಳು. ಅಂದಿನಿಂದ ಅವನಿಗೆ ಅವಳ ಅಡುಗೆಮನೆಯಲ್ಲಿ ಕುರ್ಚಿ, ಬುಟ್ಟಿ ತುಂಬ ಹುರುಳಿಕಾಯಿ, ಪ್ಲಮ್ ಹಣ್ಣಿನ ಬ್ರಾಂದಿ. ಸರಿಯಾಗಿ ಮಾತಾಡಿದವಳಿಗೆ ಮಾತ್ರ ಹೊಸ್ತಿಲೇ ಗತಿ. ಎಂಥ ಅನ್ಯಾಯ ಇದು!

"ಒಪ್ಪಿದ್ಳು ಬಿಡು," ಎಂದಿದ್ದ ಅವನು ಕಳೆದ ವಾರ ಬ್ರಾಂದಿಯ ವಾಸನೆಯೊಂದಿಗೆ ವಾಪಸು ಬಂದು.

ಈಗ ಸೊಲಾಂಜ್ ಬಾಗಿಲು ತಟ್ಟದೆ ನೇರ ಒಳಗೆ ಬಂದಳು. ಏಪ್ರನ್ನಿಗೆ ಕೋಳಿಯ ಪುಕ್ಕ ಅಂಟಿತ್ತು.

"ಏನ್ ಮಾಡ್ತಿದ್ದೀರಿ ಮದಾಂ ನೀವು?"

"ಕಿಟಕಿ ತೆಗೀತಿದ್ದೀನಿ ಮದಾಂ. ನೀವೇ ಒಪ್ಪಿದ್ರಲ್ಲ."

"ನಾನಾ? ಆ ಅಂಗಳದಲ್ಲಿ ನಾನು ಒಳಲಂಗದಲ್ಲಿ ಕೂತು ಕೋಳಿ ಪುಕ್ಕ ಕೀಳ್ತೀನಿ, ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತೀನಿ. ನೀವು ಪಾತ್ರೆ ತೊಳೀತಾ ನೋಡ್ಲಿ ಅಂತ ಒಪ್ತೀನಾ? ಆಗಲ್ಲ ಅಂತ ನಿಮ್ಮ ಗಂಡಂಗೆ ಬಾಯಿ ಬಿಟ್ಟು ಹೇಳಿದೀನಿ. ಅವನು ನನ್ನ ಕೈ ಹಿಡ್ಕೊಂಡು, 'ಮುಚ್ಚಿದ್ದು ಮುಚ್ಚಿದಂಗೇ ಇರುತ್ತೆ ಸೊಲಾಂಜ್, ಮಾತು ಕೊಟ್ಟೆ' ಅಂದ. ನನ್ನ ಬ್ರಾಂದಿ ಕುಡ್ಕೊಂಡು!"

"ಸುಳ್ಳು!"

"ಸುಳ್ಳಾ? ನಾನು ಸುಳ್ಳು ಹೇಳ್ತೀನಿ ಅಂತೀಯಾ ನೀನು?"

ಏಕವಚನ ಬಂದೇಬಿಟ್ಟಿತು. ಅದು ಬೈಗುಳವಾಗಿಯೇ ಬಂದದ್ದು, ಅನುಮಾನವಿಲ್ಲ. ರೋಸಲಿಂಡಳ ವ್ಯಾಕರಣವೆಲ್ಲ ಆ ಕ್ಷಣಕ್ಕೆ ಹಾರಿಹೋಯಿತು.

"ಹೌದು, ಅಂತೀನಿ! ಇಷ್ಟು ವರ್ಷ ನನ್ನನ್ನ ಹೊಸ್ತಿಲಲ್ಲೇ ನಿಲ್ಸಿದೀಯ ನೀನು. ಒಂದು ದಿನ, ಒಂದೇ ಒಂದು ದಿನ, ಒಳಗೆ ಬಾ ಅಂದಿದೀಯಾ?"

"ಹೆಂಗೆ ಅನ್ನಲಿ? ಜಪ್ತಿಗೆ ಬಂದ ಅಮೀನನ ಥರ ಬಂದು ನಿಲ್ತೀಯ! 'ಮದಾಂ, ನೀವು ಆರೋಗ್ಯವೇ?' ಆರೋಗ್ಯ ಇಲ್ಲ ಅಂದ್ರೆ ಬರ್ಕೊಂಡು ಹೋಗ್ತಿದ್ದೆಯಾ?"

"ಮರ್ಯಾದೆ ಕಣೇ ಅದು, ಮರ್ಯಾದೆ!"

"ಯಾರು ಕೇಳಿದ್ರು ನಿನ್ನ ಮರ್ಯಾದೆನ?"

ಆ ಹೊತ್ತಿಗೆ ಕ್ಲೈವ್ ಬಣ್ಣದ ಡಬ್ಬ ಹಿಡಿದು ಒಳಗೆ ಬಂದ. ತೂತು ನೋಡಿದ, ಸೊಲಾಂಜಳನ್ನು ನೋಡಿದ, ನಕ್ಕ. ಆ ನಗು ಅವನಿಗೆ ಎಲ್ಲ ಕಡೆಯೂ ಕೆಲಸ ಮಾಡಿಕೊಟ್ಟಿತ್ತು.

"ಅವಳು ಏನಂದಿದ್ಳು ನಿನಗೆ?" ಎಂದು ರೋಸಲಿಂಡ್ ಇಂಗ್ಲಿಷಿನಲ್ಲಿ ಕೇಳಿದಳು.

"ಅಯ್ಯೋ, ನನ್ನ ಫ್ರೆಂಚು ನಿನಗೆ ಗೊತ್ತಲ್ಲ. ಏನೋ ತಪ್ಪು ತಿಳ್ಕೊಂಡಿರ್ಬೇಕು..."

"ಮಾತು ಕೊಟ್ಟೆ ಅನ್ನೋದನ್ನ ಮಾತ್ರ ತಪ್ಪಿಲ್ಲದೆ ಹೇಳಿದೀಯಲ್ಲ."

ಅವನು ಡಬ್ಬ ಕೆಳಗಿಟ್ಟ. "ಇಬ್ಬರಿಗೂ ಬೇಜಾರಾಗ್ಬಾರ್ದು ಅಂತ ಕಣೆ. ಒಂದ್ಸಲ ತೆಗೆದುಬಿಟ್ರೆ ಆಮೇಲೆ ಹೇಗೋ ಸರಿಹೋಗುತ್ತೆ ಅಂದ್ಕೊಂಡೆ. ಅವಳಿಗೆ ನಾನಂದ್ರೆ ಪ್ರೀತಿ."

ರೋಸಲಿಂಡಳಿಗೆ ಅವನ ಮುಖಕ್ಕೆ ಸುತ್ತಿಗೆ ಎಸೆಯಬೇಕೆನಿಸಿತು. ಆರು ವರ್ಷ ಅವನ ತಪ್ಪು ಫ್ರೆಂಚಿಗಾಗಿ ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ ಎಲ್ಲರ ಕ್ಷಮೆ ಕೇಳುತ್ತ ಬಂದವಳು ಅವಳು. ತನಗೆ ಬೇಕಾದಷ್ಟು ಅವನಿಗೆ ಅರ್ಥವಾಗುತ್ತಿತ್ತು. ಬೇಡವಾದದ್ದು ಬಂದಾಗ ಭಾಷೆ ಬರುತ್ತಿರಲಿಲ್ಲ, ಅಷ್ಟೆ.

"ಮುಚ್ಚು," ಎಂದಳು.

"ಬೆಳಕು ಬೇಕು ಅಂತ ಪ್ರಾಣ ತಿಂತಿದ್ದವಳು ನೀನೇ ಅಲ್ವಾ?"

"ಬೇಕು. ಈಗಲೂ ಬೇಕು. ಮಾತು ಕೊಟ್ಟಿದೀಯಲ್ಲ, ಮುಚ್ಚು."

ಅವನು ಹೋಗಿ ಸೊಲಾಂಜಳ ಅಂಗಳದಿಂದ ಕಲ್ಲನ್ನು ಹೊತ್ತು ತಂದ. ಇಬ್ಬರು ಹೆಂಗಸರೂ ಸಹಾಯ ಮಾಡಲಿಲ್ಲ. ಕಲ್ಲು ಮತ್ತೆ ಕೂತಾಗ ರೋಸಲಿಂಡ್ ದೀಪದ ಸ್ವಿಚ್ಚು ಒತ್ತಿದಳು. ಅವಳ ಕಣ್ಣು ತುಂಬಿತ್ತು, ಸಿಟ್ಟಿನಿಂದಲೇ.

ಮಾರನೆಯ ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಚೌಕದಲ್ಲಿ ನಿಂತು ಹಾರ್ನ್ ಹೊಡೆಯಿತು. ಸಾಲಿನ ಮುಂದೆಯೇ ಸೊಲಾಂಜ್ ನಿಂತಿದ್ದಳು. ರೋಸಲಿಂಡಳ ಜೊತೆ ಬಂದ ಕ್ಲೈವ್ ದೂರದಿಂದಲೇ ಕೈಯೆತ್ತಿದ.

"ಸೊಲಾಂಜ್! ನಿನಗೆ ಕೋಪ ಇಲ್ಲ ತಾನೆ?"

ಸೊಲಾಂಜ್ ತಿರುಗಿ ನೋಡಿದಳು. "ನಮಸ್ಕಾರ ಮಸ್ಯೋ. ನೀವು ಮುಂದೆ ಹೋಗಿ. ನನಗೇನೂ ಅವಸರ ಇಲ್ಲ."

ಸಾಲಿನಲ್ಲಿ ಹರಟೆ ನಿಂತುಹೋಯಿತು. ಬ್ರೆಡ್ಡಿನವಳು ಚಿಲ್ಲರೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಸೊಲಾಂಜಳನ್ನೂ ಕ್ಲೈವನನ್ನೂ ನೋಡಿದಳು.

ಕ್ಲೈವನ ಮುಖ ಅರಳಿತು. "ನೋಡಿದ್ಯಾ? ಎಷ್ಟು ಚೆನ್ನಾಗಿ ಮಾತಾಡಿಸಿದ್ಳು! ಎಲ್ಲ ಮರ್ತುಬಿಟ್ಟಿದಾಳೆ," ಎಂದು ರೋಸಲಿಂಡಳ ಕಿವಿಯಲ್ಲಿ ಹೇಳಿ, ಎಲ್ಲರನ್ನೂ ದಾಟಿಕೊಂಡು ವ್ಯಾನಿನ ಬಳಿಗೆ ಹೋದ.

ಆ 'ಮಸ್ಯೋ', ಆ 'ನೀವು' ಏನೆಂದು ರೋಸಲಿಂಡ್ ಅವನಿಗೆ ಬಿಡಿಸಿ ಹೇಳಲು ಬಾಯಿ ತೆರೆದಳು, ಆಮೇಲೆ ಮುಚ್ಚಿಕೊಂಡಳು.

"ನೀನ್ಯಾಕೆ ಅಲ್ಲಿ ನಿಂತೆ?" ಎಂದಳು ಸೊಲಾಂಜ್, ಗಂಟು ಮುಖ ಸಡಿಲಿಸದೆ, ಪಕ್ಕಕ್ಕೆ ಸರಿದು. ರೋಸಲಿಂಡ್ ಹೋಗಿ ಅವಳ ಮಗ್ಗುಲಿಗೆ ನಿಂತಳು. ಕ್ಲೈವ್ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು, ಬೆನ್ನು ಮಾಡಿಕೊಂಡೇ ಬ್ರೆಡ್ಡಿನವಳಿಗೆ ಏನೋ ತಮಾಷೆ ಹೇಳುತ್ತಿದ್ದ.