ಗುಳಮಾವಿನ ಅಂಟು

ಬಕೆಟ್ಟಿನ ನೀರಿಗೆ ಹಾಕಿದ್ದ ಮಣ್ಣಿನ ಇಟ್ಟಿಗೆ ಮಧ್ಯಾಹ್ನದೊಳಗೆ ಕರಗಿಹೋಗಿತ್ತು. ಉಲ್ಲಾಸ ಕೋಲಿನಿಂದ ಕದಡಿ ನೋಡಿ, "ಬರೇ ರಾಡಿ ಆಗೇತಿ ನೋಡು ತಂಗಿ. ಇದರಾಗ ಮನಿ ಕಟ್ತೀಯೇನು?" ಎಂದ.

ತನುಜಾ ಬಕೆಟ್ಟಿನ ರಾಡಿಯನ್ನು ಪಕ್ಕಕ್ಕೆ ಚೆಲ್ಲಿದಳು. ಗಂಡ ಸುಭಾಷನಿಂದ ವಿಚ್ಛೇದನ ಪಡೆದು ದಾಸನಕೊಪ್ಪಕ್ಕೆ ಬಂದಾಗ ಈ ಅಣ್ಣನೇ ತನ್ನ ಹಿತ್ತಲಿನ ಮೂಲೆಯಲ್ಲಿ ಜಾಗ ಕೊಟ್ಟಿದ್ದ. ಅಲ್ಲಿಯ ಮಣ್ಣಿನಲ್ಲೇ ಮನೆ ಕಟ್ಟುವ ಹಟ ಅವಳದು. ಗುಳಮಾವಿನ ತೊಗಟೆ ನೆನೆಸಿ ಅದರ ಲೋಳೆ ಕಲಸಿದರೆ ಮಣ್ಣು ಗಟ್ಟಿಯಾಗುತ್ತದೆ ಎಂದು ಯಲ್ಲಾಪುರದ ತರಬೇತಿಯಲ್ಲಿ ಹೇಳಿದ್ದರು. ಅವಳಿಗೆ ಗೊತ್ತಿದ್ದ ಗುಳಮಾವಿನ ಮರ ಒಂದೇ. ಅದು ನಿಲ್ಕುಂದದಲ್ಲಿ, ಸುಭಾಷನ ತಾಯಿ ಮಂಜಿಯ ಗದ್ದೆಯಂಚಿನಲ್ಲಿತ್ತು.

ಮಂಗಳವಾರ ಸುಭಾಷ ಸಿರ್ಸಿ ಸಂತೆಗೆ ಹೋಗುತ್ತಾನೆ. ಅವಳು ಮಂಗಳವಾರವೇ ಹೋದಳು.

ಹುಲ್ಲು ಕೊಯ್ಯುತ್ತಿದ್ದ ಮಂಜಿ ತಲೆಯೆತ್ತಿದಳು. "ಎಂತಕೆ ಬಂದ್ಯೆ?"

"ಗುಳಮಾವಿನ ಸಿಪ್ಪೆ ಬೇಕಾಗಿತ್ತು, ಅತ್ತೆ. ಮನೆ ಕಟ್ಟೂಕೆ."

"ಇನ್ನೂ ಅತ್ತೆ ಅಂತೀಯ?"

"ಬೇರೆ ಎಂತ ಅನ್ನೂದು?"

ಮಂಜಿ ಎದ್ದು ಮರದ ಕಡೆ ನಡೆದಳು. ತನುಜಾ ಅವಸರದಲ್ಲಿ ಕತ್ತಿ ಬೀಸಿದ್ದೇ, "ಸುತ್ತ ಬಿಡಿಸ್ಬೇಡ, ಮರ ಸಾಯ್ತದೆ" ಎಂದು ಮಂಜಿ ಅದನ್ನು ಕಿತ್ತುಕೊಂಡು ಒಂದೇ ಬದಿಯಿಂದ ತಾನೇ ಸುಲಿಯತೊಡಗಿದಳು. ಅವಳ ಎಡಗೈ ತೊಗಟೆಯನ್ನು ಹಿಡಿಯುತ್ತಿರಲಿಲ್ಲ. ಮಣಿಕಟ್ಟು ಊದಿ ನೀಲಿಗಟ್ಟಿತ್ತು.

"ಕೈಗೆ ಎಂತಾತು?"

"ಬಚ್ಚಲಲ್ಲಿ ಜಾರಿ ಬಿದ್ದೆ."

ಈ ಊರಿನಲ್ಲಿದ್ದಷ್ಟು ವರ್ಷ ತನುಜಾ, ತನ್ನ ಮೈಮೇಲಿನ ಬಾವು ಕಂಡು ಕೇಳಿದವರಿಗೆಲ್ಲ ಅದೇ ಮಾತು ಹೇಳಿದ್ದಳು. ಮಂಜಿ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದ್ದಳು. ತನುಜಾ ತೊಗಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಚೀಲದ ಬಾಯಿ ಕಟ್ಟಿದ ಮೇಲೆ ಮಂಜಿ ಕೇಳಿದಳು. "ಅಲ್ಲಿ ಒಬ್ಳೇ ಇರೂಕೆ ಹೆದರಿಕೆ ಆಗೂದಿಲ್ಲನೆ?"

"ಇಲ್ಲ ಅತ್ತೆ. ನಿದ್ದೆ ಬರ್ತದೆ."

ಮಂಜಿ ರಸ್ತೆಯ ಕಡೆ ನೋಡಿದಳು. "ಹೋಗು. ಅವ ಬರೂ ಹೊತ್ತಾತು."

ಲೋಳೆ ಕಲಸಿ ಮಾಡಿದ ಇಟ್ಟಿಗೆ ನೀರಿನಲ್ಲಿ ಅಂಚಷ್ಟೇ ಸವೆದು, ಇಡಿಯಾಗಿ ಉಳಿಯಿತು. ಉಲ್ಲಾಸ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಪಾಯ ತೋಡಲು ಗುದ್ದಲಿ ತಂದ. ಅಷ್ಟರಲ್ಲಿ ತನುಜಾ ಪಾಯದ ಗುರುತಿಗೆ ದಾರ ಕಟ್ಟಿ ನೆಟ್ಟಿದ್ದ ಗೂಟಗಳಲ್ಲಿ ಒಂದು ಬದಿಯವನ್ನು ಕಿತ್ತು ಇನ್ನಷ್ಟು ಆಚೆಗೆ ಹುಗಿಯುತ್ತಿದ್ದಳು.

"ಒಬ್ಬಾಕಿಗೆ ಎರಡು ಖೋಲಿ ಯಾಕವಾ?"

"ಆ ತುದಿ ಬಿಗಿ ಹಿಡಿ, ಅಣ್ಣಾ."

ಅವನು ಹಿಡಿದ. ಒಂದು ಕೋಳಿ ದಾರದಡಿ ನುಸುಳಿ ಬಂದು, ಹೊಸ ಕೋಣೆಯ ನೆಲವನ್ನು ಕೆದಕತೊಡಗಿತು.