ಹಿತ್ತಾಳೆಯ ವಾಲ್ವು

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಆ ಮನೆಯ ನಡುಮನೆಯಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿಯೊಂದಿತ್ತು. ಅದರಲ್ಲಿ ಉಪ್ಪುನೀರು, ನೀರಿನಲ್ಲಿ ಜೀವಂತ ಹವಳಗಳು. ಸಮುದ್ರ ಕಾಣಬೇಕೆಂದರೆ ಘಟ್ಟ ಇಳಿಯಬೇಕಾದ ಊರಿನಲ್ಲಿ ಶೋಭಾರಾಣಿ ಮೇಡಂ ಹನ್ನೊಂದು ವರ್ಷದಿಂದ ಹವಳ ಸಾಕುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ತೊಟ್ಟಿಯ ನಡುವೆ ಜಿಂಕೆಯ ಕೊಂಬಿನಂತೆ ಕವಲೊಡೆದ ನೀಲಿ ಹವಳವೊಂದಿತ್ತು. ಹೆಬ್ಬೆರಳಿನ ಉಗುರಿನಷ್ಟು ತುಂಡನ್ನು ತಂದು ಕಲ್ಲಿಗೆ ಅಂಟಿಸಿದ್ದು, ಈಗ ಮೊರದಷ್ಟು ಅಗಲವಾಗಿತ್ತು. ಮನೆಗೆ ಬಂದವರು ಟೀವಿ ಎಲ್ಲಿದೆ ಎಂದು ಹುಡುಕುವ ಮೊದಲೇ ಅದರ ಮುಂದೆ ನಿಂತುಬಿಡುತ್ತಿದ್ದರು.

ಆಮ್ನಾ ಆ ಮನೆಗೆ ಬಂದದ್ದು ಕಸ ಗುಡಿಸಲು, ನೆಲ ಒರೆಸಲು. ಹರಿಹರದಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ಗಂಟಲು ಕಟ್ಟಿ ಒಂದಕ್ಷರವೂ ಹೊರಡದೆ, ಹುಡುಗಿಯರು ಕಿಸಕ್ಕೆಂದು ನಕ್ಕು, ಒಂದು ದಿನ ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು. ಈಗ ಇಪ್ಪತ್ತೆರಡು. ಮಾತು ಇನ್ನೂ ಹಾಗೆಯೇ, ನುಂಗಿದ್ದು ಹೆಚ್ಚು, ಆಡಿದ್ದು ಕಡಿಮೆ. ಆದರೆ ತೊಟ್ಟಿಯ ಮುಂದೆ ಮಾತಿನ ಗರಜೇ ಇರಲಿಲ್ಲ. ಯಾವ ಹವಳ ಇವತ್ತು ಮೊಗ್ಗು ಬಿಚ್ಚಿಲ್ಲ, ಯಾವ ಬಸವನಹುಳು ನಿನ್ನೆಯ ಜಾಗದಲ್ಲೇ ಇದೆ, ಎಲ್ಲವೂ ಪೊರಕೆ ಹಿಡಿದು ನಿಂತಲ್ಲೇ ಅವಳ ಕಣ್ಣಿಗೆ ಬೀಳುತ್ತಿತ್ತು. ಎರಡೇ ತಿಂಗಳಲ್ಲಿ ಪೊರಕೆ ಬೇರೆಯವರ ಕೈಗೆ ಹೋಗಿ, ತೊಟ್ಟಿ ಆಮ್ನಾಳ ಕೈಗೆ ಬಂತು.

'ನನ್ನ ಎಂಎಸ್ಸಿ ಹುಡುಗರಿಗೂ ಇಂಥ ಕಣ್ಣು ಇರಲಿಲ್ಲ ಕಣೇ,' ಎಂದರು ಮೇಡಂ. ಹಾಗೆ ಯಾರೂ ಅವಳಿಗೆ ಹಿಂದೆಂದೂ ಹೇಳಿರಲಿಲ್ಲ. ಆ ಮಾತನ್ನು ಅವಳು ಎಷ್ಟೋ ದಿನ ಬಸ್ಸಿನಲ್ಲಿ ಒಬ್ಬಳೇ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳು.

ಕೆಲಸ ಕಲಿಸುವಾಗ ಮೇಡಂ ಮೊಟ್ಟಮೊದಲು ಹೇಳಿದ್ದು ಒಂದೇ ಮಾತು. 'ಈ ನೀರಿಗೆ ತಾಮ್ರ ಬೀಳಬಾರದು, ಹಿತ್ತಾಳೆ ಬೀಳಬಾರದು. ಚೂರು ಕರಗಿದ್ರೂ ಸಾಕು. ಮೀನು ತಡೀತಾವೆ, ಹವಳ ತಡೆಯಲ್ಲ.'

ಹವಳ ಬೆಳೆದಷ್ಟೂ ಅದಕ್ಕೆ ಸುಣ್ಣದಂಶ ಬೇಕು. ದಿನಾ ಪುಡಿ ಕಲಸಿ ಹಾಕಿದರೂ ಸಾಲದಾಯಿತು. ತಾನೇತಾನಾಗಿ ಉಣಿಸುವ ಯಂತ್ರ ಹೊರದೇಶದಲ್ಲಿ ಸಿಗುತ್ತದಂತೆ, ಪಿಂಚಣಿಯವರ ಕೈಗೆಟುಕುವಂಥದ್ದಲ್ಲ. ಮೇಡಂ ಅದರ ಚಿತ್ರವನ್ನು ಹಾಳೆಯ ಮೇಲೆ ಬರೆದು ನೋಡುತ್ತ ಕೂತಿದ್ದಾಗ, ಆಮ್ನಾ ಹಾಳೆಯತ್ತ ಬಗ್ಗಿ, 'ನಮ್ಮ ಅಬ್ಬಾ ಮಾಡ್ತಾರೆ ಮೇಡಂ,' ಎಂದಳು. ಆ ಮನೆಯಲ್ಲಿ ಯಾರೂ ಕೇಳದೆ ಅವಳು ಆಡಿದ ಮೊದಲ ಮಾತು ಅದು.

ಅವಳ ಅಬ್ಬಾ ಜಮಾಲುದ್ದೀನ್ ಹರಿಹರದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಟರ್ನರ್ ಆಗಿದ್ದವನು. ಅದು ಮುಚ್ಚಿದ ಮೇಲೆ ಲೋಹ ಕಡೆಯುವ ಒಂದು ಹಳೇ ಲೇತ್ ತಂದು ಮನೆಯ ಹತ್ತಿರವೇ ತಗಡಿನ ಶೆಡ್ ಹಾಕಿಕೊಂಡಿದ್ದ. ಮೊದಮೊದಲು ಪಂಪಿನ ಬುಷ್, ಟ್ರ್ಯಾಕ್ಟರಿನ ಪಿನ್ನು ಅಂತ ಕೆಲಸ ಬರುತ್ತಿತ್ತು. ಈಗ ಎಲ್ಲವೂ ಅಂಗಡಿಯಲ್ಲಿ ರೆಡಿ ಸಿಗುತ್ತವೆ. ಎರಡು ವರ್ಷದಿಂದ ಅವನು ಬೆಳಿಗ್ಗೆ ಶೆಡ್ಡಿಗೆ ಹೋಗಿ, ಲೇತಿಗೆ ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿ, ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ.

ಮೇಡಂ ಬರೆದ ಚಿತ್ರ ನೋಡಿದ ದಿನ ಅವನು ಕನ್ನಡಕ ಒರೆಸಿ ಮೂರು ಸಲ ನೋಡಿದ. ನಾಲ್ಕಿಂಚಿನ ಪಿವಿಸಿ ಪೈಪು ಬಂತು. ಎರಡೂ ತುದಿಗೆ ಮುಚ್ಚಳ ಬಿಗಿದು, ಒಳಗೆ ಒಣ ಹವಳದ ಚೂರು ತುಂಬಿದ. ನೀರು ಸುತ್ತಿಸಲು ಕೂಲರಿನ ಪಂಪು. ನೀರಿಗೆ ಬೆರೆಸುವ ಗ್ಯಾಸಿಗೆ ಅಪ್ಪ ಮಗಳು ದಾವಣಗೆರೆಯ ಆನೆಕೊಂಡಕ್ಕೆ ಹೋಗಿ ಸೋಡಾ ಮಾಡುವ ಹುಸೇನ್ ಸಾಬರ ಹತ್ತಿರ ಒಂದು ಸಿಲಿಂಡರ್ ತಂದರು.

'ಮೀನಿಗೆ ಸೋಡಾ ಕುಡಿಸ್ತೀಯೇನೋ ಜಮಾಲು?' ಹುಸೇನ್ ಸಾಬ್ ಹೊಟ್ಟೆ ಕುಲುಕಿಸಿ ನಕ್ಕರು. 'ಎರಡು ನಿಂಬೆಹಣ್ಣು ಒಯ್ಯಿ, ಉಪ್ಪು ಹೆಂಗೂ ಅಲ್ಲೇ ಐತೆ.'

ಗ್ಯಾಸು ಬೆರೆತ ನೀರು ಹುಳಿಯಾಗಿ ಒಣ ಚೂರುಗಳನ್ನು ಕರಗಿಸುತ್ತದೆ. ಕರಗಿದ ನೀರು ಹನಿಹನಿಯಾಗಿ ತೊಟ್ಟಿಗೆ ಬೀಳುತ್ತದೆ. ಸತ್ತ ಹವಳವನ್ನು ಕುಡಿದು ಬದುಕಿರುವ ಹವಳ ಬೆಳೆಯುತ್ತದೆ. ಹನಿ ಬೀಳಿಸಲು ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ನಳಿಗೆಯನ್ನೇ ಹಾಕಿದ್ದರು. ಅಲ್ಲಿಯವರೆಗೆ ಎಲ್ಲವೂ ಪ್ಲಾಸ್ಟಿಕ್ಕಾದ್ದರಿಂದ ಹಿತ್ತಾಳೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಆದರೆ ಹನಿಯ ವೇಗ ಹಿಡಿದಿಡುವ ನಳಿಗೆಯ ಪುಟ್ಟ ಗಾಲಿ ಗಂಟೆಗೊಮ್ಮೆ ಜಾರುತ್ತಿತ್ತು. ಹನಿ ಹೋಗಿ ಧಾರೆಯಾಗುತ್ತಿತ್ತು. ಸರಿಮಾಡಲು ಮೇಡಂ ತಮ್ಮ ಕೆಟ್ಟ ಮಂಡಿ ಊರಿ ತೊಟ್ಟಿಯ ಕೆಳಗೆ ಬಗ್ಗುವುದನ್ನು ಜಮಾಲುದ್ದೀನ್ ನೋಡಿದ. ಚೀಲ ಎತ್ತಿಕೊಂಡು ಹರಿಹರದ ಬಸ್ ಹತ್ತಿದ.

ಭಾನುವಾರ ಆಮ್ನಾ ಶೆಡ್ಡಿಗೆ ಬುತ್ತಿ ಒಯ್ದಾಗ ಲೇತ್ ತಿರುಗುತ್ತಿತ್ತು. ನೆಲದ ಮೇಲೆಲ್ಲ ಹಳದಿ ಸುರುಳಿಗಳು. ಅವಳು ಒಂದನ್ನು ಎತ್ತಿ ನೋಡಿದಳು, ಹಿತ್ತಾಳೆ.

'ಬಾ ಬೇಟಾ, ನೋಡಿಲ್ಲಿ.' ಅವನು ಮೆಷಿನ್ ನಿಲ್ಲಿಸಿ ಬೆರಳುದ್ದದ ವಾಲ್ವನ್ನು ಅಂಗೈ ಮೇಲಿಟ್ಟ. 'ಸೂಜಿಯಂಗೆ ತೆಗೆದೀನಿ ಒಳಗಡೆ. ಅರ್ಧ ಸುತ್ತು ತಿರುವಿದ್ರೆ ಒಂದೇ ಹನಿ ಜಾಸ್ತಿ. ಒಂದ್ ವರ್ಷ ಬಿಟ್ಟು ಬಂದ್ರೂ ಅದೇ ಹನಿ. ಮೇಡಂರು ಇನ್ಮೇಲೆ ಬಗ್ಗಂಗಿಲ್ಲ.'

'ಅಬ್ಬಾ... ಪ್ಲಾಸ್ಟಿಕ್‌ದು ಆದ್ರೆ...'

'ಪ್ಲಾಸ್ಟಿಕ್ ಮಾಡಾಕೆ ಅಂಗಡಿ ಅದಾವೆ. ಟರ್ನರ್ ಮಾಡೋದು ಇದು.' ಅವನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. 'ನಿಮ್ಮಜ್ಜಿ ಹಿತ್ತಾಳೆ ಕೊಡದಾಗೆ ನೀರು ಕುಡ್ದು ತೊಂಬತ್ತು ವರ್ಷ ಬದುಕಿದ್ಲು. ಗೊತ್ತೈತಾ? ನಾಳೆ ನಿಕ್ಕಲ್ ಪಾಲಿಶ್ ಹಾಕಿಸಿದ್ರೆ ಬೆಳ್ಳಿಯಂಗೆ ಕಾಣ್ತೈತೆ.'

ಅವನ ಹಣೆಯ ಮೇಲೆ ಬೆವರು, ಮುಖದಲ್ಲಿ ಅವಳು ಸಣ್ಣವಳಿದ್ದಾಗ ಕಂಡಿದ್ದ ಒಂದು ಬೆಳಕು. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಬಾಯಿಗಿಡುವ ನಡುವೆಯೂ ಅವನು ಆ ವಾಲ್ವನ್ನು ಕೆಳಗಿಡಲಿಲ್ಲ. ಆಮ್ನಾ ನೀರಿನ ಲೋಟ ಅವನತ್ತ ಸರಿಸಿ, ಹಳದಿ ಸುರುಳಿಗಳನ್ನು ಗುಡಿಸಿ ಮೂಲೆಗೆ ಹಾಕಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಎರಡು ದಿನದ ಮೇಲೆ ವಾಲ್ವು ದಾವಣಗೆರೆಗೆ ಬಂತು. ಜಮಾಲುದ್ದೀನ್ ತೊಟ್ಟಿಯ ಕೆಳಗೆ ಅಂಗಾತ ಮಲಗಿ ಅದನ್ನು ಕೂರಿಸುತ್ತಿದ್ದ. ಲೇತಿನ ಸದ್ದಿಗೆ ಅರ್ಧ ಕೆಟ್ಟ ಕಿವಿ ಅವನದು, ಮೇಲಾಗಿ ಪಂಪಿನ ಗುಂಯ್ ಸದ್ದು.

'ಎಷ್ಟು ಚೆಂದ ಮಾಡಿದಾರೆ!' ಮೇಡಂ ಬಗ್ಗಿ ನೋಡಿದರು. 'ಸ್ಟೀಲ್ ಅಲ್ವಾ ಇದು?'

ಕೆಳಗಿನಿಂದ ಉತ್ತರ ಬರಲಿಲ್ಲ. ಮೇಡಂ ಆಮ್ನಾಳತ್ತ ತಿರುಗಿದರು. ಆಮ್ನಾಳ ತಲೆ ಮೇಲೆ ಕೆಳಗೆ ಅಲ್ಲಾಡಿತು. ತಾನು ಅಲ್ಲಾಡಿಸಿದ್ದೋ ಅದೇ ಅಲ್ಲಾಡಿತೋ ಅವಳಿಗೆ ಆಮೇಲೆಯೂ ತಿಳಿಯಲಿಲ್ಲ.

ನಾಲ್ಕನೇ ದಿನ ಕೆಂಪುಪಟ್ಟೆಯ ಸಿಗಡಿ ಬೆನ್ನು ಕೆಳಗಾಗಿ ಬಿದ್ದಿತ್ತು. ಆರನೇ ದಿನ ಬಸವನಹುಳುಗಳು ಗಾಜಿನಿಂದ ಒಂದೊಂದಾಗಿ ಕಳಚಿ ಮರಳಿಗೆ ಉದುರಿದವು. ಆಮೇಲೆ ಹವಳಗಳು ಹಗಲಲ್ಲೂ ಬಿಚ್ಚಿಕೊಳ್ಳಲಿಲ್ಲ. ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವು. ಆಮ್ನಾ ಅವುಗಳತ್ತ ನೋಡದೆಯೇ ತಿಂಡಿ ಉದುರಿಸುತ್ತಿದ್ದಳು.

ಮೇಡಂ ಉಪ್ಪಿನ ಚೀಲವನ್ನು ಅನುಮಾನಿಸಿದರು. ನಲ್ಲಿ ನೀರನ್ನು ಅನುಮಾನಿಸಿದರು. ಬಿಸಿಲು, ಕರೆಂಟು, ಪಕ್ಕದ ಮನೆಯವರು ಹೊಡೆಸಿದ ಸೊಳ್ಳೆ ಔಷಧಿ, ಯಾವುದನ್ನೂ ಬಿಡಲಿಲ್ಲ. ದಿನಾ ಅರ್ಧ ನೀರು ತೆಗೆದು ಹೊಸದು ತುಂಬಿಸಿದರು. ಆಮ್ನಾ ಬಕೆಟ್ ಹೊತ್ತಳು. ಸುಣ್ಣದಂಶ ಪರೀಕ್ಷೆ ಮಾಡಿದಾಗಲೆಲ್ಲ ಎಷ್ಟಿರಬೇಕೋ ಅಷ್ಟೇ ಇರುತ್ತಿತ್ತು. 'ನಿಮ್ಮಪ್ಪಾರ ಮೆಷಿನ್ ಒಂದು ಸರಿಯಾಗೈತೆ ನೋಡು,' ಎನ್ನುತ್ತಿದ್ದರು ಮೇಡಂ. 'ಮಿಕ್ಕಿದ್ದೆಲ್ಲ ನನ್ನ ಕೈ ಮೀರೈತೆ.'

'ಮೇಡಂ, ಅದು ಸ್ಟೀಲ್ ಅಲ್ಲ.' ನಾಲ್ಕು ಪದ. ಹರಿಹರದಲ್ಲಿ ಬಸ್ ಹತ್ತಿದಾಗಿನಿಂದ ಆಮ್ನಾ ಅದನ್ನು ಬಾಯಿಪಾಠ ಮಾಡುತ್ತಿದ್ದಳು. ಗೇಟು ತೆಗೆಯುವವರೆಗೂ ಅದು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಒಳಗೆ ಕಾಲಿಟ್ಟರೆ, ಅಪ್ಪ ಅಂಗೈ ಮೇಲೆ ವಾಲ್ವಿಟ್ಟುಕೊಂಡು ನಿಂತದ್ದು ಕಣ್ಣಿಗೆ ಕಟ್ಟಿ, ಗಂಟಲು ಮತ್ತೆ ಒಂಬತ್ತನೇ ಕ್ಲಾಸಿನ ಗಂಟಲಾಗುತ್ತಿತ್ತು. ಒಂದು ದಿನ ಯಾರೂ ಇಲ್ಲದಾಗ ವಾಲ್ವನ್ನು ಪೂರ್ತಿ ಮುಚ್ಚಿದಳು. ಮಧ್ಯಾಹ್ನ ಮೇಡಂ ಅದನ್ನು ಕಂಡು, 'ಅಯ್ಯೋ, ಇದು ಯಾಕೆ ನಿಂತೈತೆ? ಇರೋ ಜೀವಕ್ಕೂ ಊಟ ಇಲ್ಲದಂಗಾಗಿತ್ತಲ್ಲ!' ಎಂದು ತಾವೇ ಕಷ್ಟಪಟ್ಟು ಬಗ್ಗಿ ಇನ್ನೊಂದು ಸುತ್ತು ಹೆಚ್ಚೇ ತೆರೆದರು.

ನೀಲಿ ಹವಳ ಬುಡದಿಂದ ಬೆಳ್ಳಗಾಗುತ್ತ ಬಂತು. ಮಾಂಸ ದಾರದಂತೆ ಕಿತ್ತು ನೀರಿನಲ್ಲಿ ತೇಲುತ್ತಿತ್ತು. ಕೊನೆಯ ಕವಲಿನ ತುದಿ ಬೆಳ್ಳಗಾದ ದಿನ ಮೇಡಂ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು.

'ಆಮ್ನಾ, ನಾನೇನು ತಪ್ಪು ಮಾಡಿದೆ? ನಿನ್ನ ಕಣ್ಣಿಗೆ ಏನಾದ್ರೂ ಬಿದ್ದಿತ್ತೇನೇ?'

ಆಮ್ನಾ ಇಲ್ಲವೆಂದು ತಲೆಯಾಡಿಸಿದಳು.

ಅದಾದ ಮೂರನೇ ದಿನ ಶಿವಮೊಗ್ಗದ ಡಾಕ್ಟರೊಬ್ಬರು ಮೇಡಂಗೆ ಫೋನ್ ಮಾಡಿದರು. ಅವರ ಮನೆಯಲ್ಲೂ ಇಂಥದೇ ತೊಟ್ಟಿ ಇತ್ತು. 'ನನ್ನ ಹವಳ ಹೋಯ್ತು ಡಾಕ್ಟ್ರೇ, ಅದು ನನ್ನ ಹಣೆಬರಹ,' ಮೇಡಂ ಹೇಳುವುದು ಅಡುಗೆಮನೆಗೆ ಕೇಳುತ್ತಿತ್ತು. 'ಆದ್ರೆ ಮೆಷಿನ್ ಮಾತ್ರ ಒಂದು ದಿನಾನೂ ಮೋಸ ಮಾಡ್ಲಿಲ್ಲ. ಹರಿಹರದ ಜಮಾಲ್ ಸಾಬ್ರು ಅಂತ. ನಂಬರ್ ಕೊಡ್ತೀನಿ, ಕಣ್ಣು ಮುಚ್ಚಿಕೊಂಡು ಮಾಡಿಸ್ರಿ.'

ಆಮ್ನಾ ಸಂಜೆ ಹರಿಹರದಲ್ಲಿ ಇಳಿದವಳು ಮನೆಗೆ ಹೋಗದೆ ಶೆಡ್ಡಿಗೆ ಓಡಿದಳು. ಲೇತಿನ ಬಾಯಲ್ಲಿ ಆಗಲೇ ಹಿತ್ತಾಳೆ ಸರಳು ಕಚ್ಚಿಕೊಂಡಿತ್ತು.

'ಶಿವಮೊಗ್ಗದೋರು ಫೋನ್ ಮಾಡಿದ್ರು ಬೇಟಾ! ಡಾಕ್ಟ್ರು!' ಜಮಾಲುದ್ದೀನ್ ಕೂಗಿದ. 'ನಿಮ್ಮ ಮೇಡಂರು ದೊಡ್ಡ ಮನಸಿನೋರು.'

'ನಿಲ್ಲಿಸ್ರಿ ಅಬ್ಬಾ.'

ಅವಳ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ಅವನು ಗಾಬರಿಯಾಗಿ ಸ್ವಿಚ್ ಆರಿಸಿದ.

'ಹುಳಿನೀರಿನಾಗೆ ಹಿತ್ತಾಳೆ ಕರಗ್ತೈತೆ. ಹವಳಕ್ಕೆ ಅದು ವಿಷ. ಮೇಡಂರ ಹವಳ ಎಲ್ಲಾ ಸತ್ತಿದ್ದು ಅದರಿಂದನೇ.'

'ಯಾರು ಹೇಳಿದ್ರು?'

'ಮೇಡಂ,' ಎಂದಳು. ಯಾವಾಗ ಹೇಳಿದ್ದರೆಂದು ಹೇಳಲಿಲ್ಲ.

ಅವನು ಸರಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. 'ನಿಕ್ಕಲ್ ಹಾಕಿಸಿದ್ದೆ,' ಎಂದು ತನಗೆ ತಾನೇ ಅಂದುಕೊಂಡ. ಸರಳಿನ ತುದಿಯನ್ನು ಬೆರಳಿನಿಂದ ಉಜ್ಜುತ್ತ, 'ಒಳಗಿನ ಥ್ರೆಡ್ಡಿಗೆ ಪಾಲಿಶ್ ಇಳಿದಿರಂಗಿಲ್ಲ,' ಎಂದ.

ಮರುದಿನ ಬೆಳಿಗ್ಗೆ ಅವನು ಹಬ್ಬಕ್ಕೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಅವಳ ಜೊತೆ ಬಸ್ ಹತ್ತಿದ. ಬರಬ್ಯಾಡ್ರಿ, ನಾನೇ ಹೇಳ್ತೀನಿ ಎಂದು ಅವಳು ಅಂದದ್ದಕ್ಕೆ, 'ಮಾಡಿದೋನು ನಾನು,' ಎಂದಷ್ಟೇ ಹೇಳಿದ. ಮೇಡಂ ಮನೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

'ಅಮ್ಮಾರೆ, ಅದು ಸ್ಟೀಲ್ ಅಲ್ರೀ, ಹಿತ್ತಾಳೆ. ನಂಗೆ ತಿಳೀಲಿಲ್ಲ. ನಿಮ್ಮ ಹನ್ನೊಂದು ವರ್ಷ ನನ್ನ ಕೈಯಿಂದ ಹೋಯ್ತು.'

ಮೇಡಂ ಅವನನ್ನು ನೋಡಲಿಲ್ಲ. ಆಮ್ನಾಳನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಿಂದ ಏನೋ ಇಳಿದುಹೋಯಿತು.

'ನಿಮಗೆ ತಿಳಿದಿರಲಿಲ್ಲ ಸಾಬ್ರೇ, ನಿಮ್ಮ ತಪ್ಪಿಲ್ಲ. ಇವಳಿಗೆ ತಿಳಿದಿತ್ತು. ಕೆಲಸ ಕಲಿಸೋಕೆ ಮೊದಲೇ ಹೇಳಿದ್ದೆ. ಸ್ಟೀಲಾ ಅಂತ ಕೇಳ್ದಾಗ ಹೂಂ ಅಂದ್ಲು.' ಅವರ ದನಿ ಏರಲಿಲ್ಲ. 'ನನ್ನ ಪಕ್ಕದಾಗೆ ನಿಂತು ಅಷ್ಟು ದಿನ ಬಕೆಟ್ ಹೊತ್ತೆಯಲ್ಲೇ. ಬಾಯಿಬಿಟ್ಟು ಕೇಳಿದೆನಲ್ಲೇ ನಿನ್ನ.'

ಆಮ್ನಾ ಬಾಯಿ ತೆರೆದಳು. ಏನೂ ಬರಲಿಲ್ಲ.

'ನಾಳೆಯಿಂದ ಬರೋದು ಬ್ಯಾಡ,' ಎಂದು ಹೇಳಿ ಮೇಡಂ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಹಿಂದಿರುಗುವ ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಜಮಾಲುದ್ದೀನ್ ಕಿಟಕಿಯ ಪಕ್ಕ ಕೂತ. ಕಂಡಕ್ಟರ್ ಆಮ್ನಾಳ ಆಧಾರ್ ನೋಡಿ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಊರು ದಾಟಿದ ಮೇಲೆ ಅಪ್ಪ ಕೇಳಿದ.

'ಬೈತೀನಿ ಅಂತ ಹೆದರಿದ್ಯಾ?'

'ಇಲ್ಲ.'

'ಹೊಡೀತೀನಿ ಅಂತ?'

'ಇಲ್ಲ ಅಬ್ಬಾ.'

'ಮತ್ತೆ ಯಾಕ?'

ಅವಳು ಮಡಿಲಲ್ಲಿ ಬೆರಳು ಹೊಸೆದಳು. 'ನೀವು ಖುಷಿಯಾಗಿದ್ರಿ.'

ಅವನು ಕಿಟಕಿಯ ಹೊರಗೆ ನೋಡಿದ. ಗದ್ದೆ ಹೋಯಿತು, ಇಟ್ಟಿಗೆ ಭಟ್ಟಿ ಹೋಯಿತು.

'ಫ್ಯಾಕ್ಟ್ರಿಯಾಗೆ ಪೀಸ್ ಚೆಕ್ ಮಾಡೋ ಒಬ್ಬ ಇನ್‌ಸ್ಪೆಕ್ಟರ್ ಇದ್ದ,' ಎಂದ. 'ಕೂದಲೆಳೆ ಹೆಚ್ಚುಕಮ್ಮಿ ಆದ್ರೆ ತೆಗೆದು ಗುಜರಿ ಡಬ್ಬಿಗೆ ಎಸೀತಿದ್ದ. ನನ್ನವೂ ಎಸೆದಾನೆ, ಎಷ್ಟೋ. ಅವನ ಅಪ್ಪಗೆ ಅಜ್ಜಗೆ ಬೈಕೊಂಡು ಇನ್ನೊಂದು ಹಿಡೀತಿದ್ವಿ. ಪೀಸ್ ಎಸೆದ್ರೆ ಟರ್ನರ್ ಸಾಯಲ್ಲ ಬೇಟಾ.' ಅವನು ಅವಳತ್ತ ತಿರುಗಿದ. 'ಕೆಟ್ಟ ಪೀಸನ್ನ, ಪಾಪ ಮುದುಕ ಮಾಡ್ಯಾನೆ ಅಂತ ಇಟ್ಕೊಂಡ್ರೆ ನೋಡು, ಆಗ ಸಾಯ್ತಾನೆ.'

ಹರಿಹರದಲ್ಲಿ ಇಳಿಯುವಾಗ ಅವನ ಜೇಬಿನ ಫೋನ್ ರಿಂಗಾಯಿತು. ಹೆಸರು ನೋಡಿ ಅವಳ ಕೈಗೆ ಕೊಟ್ಟ. 'ಶಿವಮೊಗ್ಗದೋರು. ನೀನೇ ಹೇಳು.'

ಬಸ್ ನಿಲ್ದಾಣದ ಗದ್ದಲದ ನಡುವೆ ಆಮ್ನಾ ಫೋನ್ ಕಿವಿಗಿಟ್ಟುಕೊಂಡಳು. 'ನಮ್ಮ ಅಬ್ಬಾ ಮಾಡಿದ್ದು ಹಿತ್ತಾಳೆದು ಸರ್. ಅದು ಹಾಕಿದ್ರೆ ನಿಮ್ಮ ಹವಳ ಸಾಯ್ತಾವೆ. ಮೇಡಂರವು ಅದರಿಂದನೇ ಸತ್ತಿದ್ದು.' ಒಂದು ಪದವೂ ತಡವರಿಸಲಿಲ್ಲ. ಯಾರೋ ಬೇರೆಯವರು ಆಡಿದಂತೆ ಸಲೀಸಾಗಿ ಬಂತು. ಆಚೆ ಕಡೆ ಡಾಕ್ಟರು ಅಯ್ಯೋ ದೇವರೇ ಎಂದರು. ಸದ್ಯ ಹೇಳಿದ್ರಲ್ಲಮ್ಮ, ಹಾಗಾದ್ರೆ ಬೇಡವೇ ಬೇಡ ಎಂದರು. 'ಇಲ್ಲ ಸರ್, ಪ್ಲಾಸ್ಟಿಕ್‌ದು ಬೇಕಾದ್ರೆ ಮಾಡಿ...' ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ಜಮಾಲುದ್ದೀನ್ ಫೋನ್ ಇಸಿದುಕೊಂಡು ಜೇಬಿಗಿಟ್ಟ. ಏನಂದರು ಎಂದು ಕೇಳಲಿಲ್ಲ. ಶೆಡ್ಡಿನ ಕಡೆ ತಿರುಗುವ ಓಣಿ ಬಂದಾಗ ಅವನು ತಿರುಗುತ್ತಾನೇನೋ ಎಂದು ಆಮ್ನಾ ಒಂದು ಹೆಜ್ಜೆ ಹಿಂದೆ ನಿಂತಳು. ಅವನು ಆ ಕಡೆ ನೋಡದೆ, ಬಿಳಿ ಅಂಗಿಯಲ್ಲಿ, ನೆಟ್ಟಗೆ ಮನೆಯ ದಾರಿ ಹಿಡಿದು ನಡೆದ. ದಿನಾ ಊಟದ ಹೊತ್ತಿಗಷ್ಟೇ ಶೆಡ್ಡಿನಿಂದ ಮನೆ ಕಡೆ ಬರುತ್ತಿದ್ದವನು; ಗಂಟೆ ಇನ್ನೂ ಹನ್ನೊಂದೂ ಆಗಿರಲಿಲ್ಲ.